ಮೊದಲ ಕರಾರಿಗೆ ಸಹಿ ಹಾಕುವ ಮುನ್ನ: ಹಾಕಿ ಏಜೆಂಟರೊಬ್ಬರ ಸೇವೆಯ ಕುರಿತು

ಕೆನಡಾದಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗ ಅಮೆರಿಕದ ಕಾಲೇಜೊಂದರ ಪರವಾಗಿ ಐಸ್ ಹಾಕಿ ಆಡುತ್ತಿದ್ದ, ಎಡಬದಿಯ ಡಿಫೆನ್ಸ್ ಆಟಗಾರ. ಉತ್ತರ ಅಮೆರಿಕದ ಅಗ್ರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿ ಅವರ ಹಕ್ಕು ಪಡೆಯುವ ಪ್ರಕ್ರಿಯೆಯಲ್ಲಿ, ಏಳು ಸುತ್ತುಗಳಲ್ಲೂ ಯಾವ ತಂಡವೂ ಅವನನ್ನು ಆರಿಸಿರಲಿಲ್ಲ. ಆದ್ದರಿಂದಲೇ 2025ರ ಮಾರ್ಚ್‌ನಲ್ಲಿ ಕಾಲೇಜಿನ ಕೊನೆಯ ಪಂದ್ಯ ಮುಗಿದಾಗ ತನಗೆ ಬೇಕಾದ ತಂಡದೊಂದಿಗೆ ಸಹಿ ಹಾಕುವ ಸ್ವಾತಂತ್ರ್ಯ ಅವನಿಗಿತ್ತು. ಎರಡು ತಂಡಗಳು ಮುಂದೆ ಬಂದವು. ಆಗ ನಾವು ನೆರವು ಪಡೆದದ್ದು ಟೊರಾಂಟೊ ಸಮೀಪದ ಸಣ್ಣದೊಂದು ಏಜೆನ್ಸಿಯಿಂದ. ಮೆಚ್ಚುಗೆಯ ಜತೆಗೆ ಒಂದು ದೂರೂ ಇರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಹಣದ ವಿಷಯದಲ್ಲಿ ಎರಡು ತಂಡಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಹೊಸ ಆಟಗಾರನ ಮೊದಲ ಕರಾರಿಗೆ ಲೀಗ್ ಮಿತಿ ಹಾಕಿದೆ; 2024 ಮತ್ತು 2025ರ ಡ್ರಾಫ್ಟ್‌ನವರಿಗೆ ಅದು ವರ್ಷಕ್ಕೆ 9,75,000 ಡಾಲರ್. ಅವಧಿಯೂ ವಯಸ್ಸಿನ ಮೇಲೆ ನಿಗದಿಯಾಗಿರುತ್ತದೆ: 22ರ ಹುಡುಗನಿಗೆ ಎರಡೇ ವರ್ಷ. ನಮ್ಮ ಅಕ್ಕ, ಭಾವ ಇಬ್ಬರೂ ಹೆಸರುವಾಸಿ ತಂಡವೇ ಸರಿಯೆಂದು ಆಗಲೇ ಮನಸ್ಸು ಮಾಡಿದ್ದರು.

ಏಜೆಂಟರು ಅವರ ಮಾತನ್ನು ತಳ್ಳಿಹಾಕಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಎರಡು ಹಾಳೆಗಳನ್ನು ಹರಡಿ, ಪ್ರತಿ ತಂಡದಲ್ಲಿ ಎಡಬದಿಗೆ ಆಡುವ ಡಿಫೆನ್ಸ್ ಆಟಗಾರರ ಹೆಸರು, ವಯಸ್ಸು, ಕರಾರು ಮುಗಿಯುವ ವರ್ಷ ಇವನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆಯುತ್ತ ಹೋದರು. ಹೆಸರುವಾಸಿ ತಂಡದ ಹಾಳೆಯಲ್ಲಿ ನಮ್ಮ ಹುಡುಗನ ಹೆಸರು ಒಂಬತ್ತನೆಯದಾಗಿ ಬಂತು, ಇನ್ನೊಂದರಲ್ಲಿ ಐದನೆಯದಾಗಿ. ಯಾವುದೇ ತಂಡ ಒಟ್ಟು 50 ಕರಾರುಗಳನ್ನಷ್ಟೇ ಇಟ್ಟುಕೊಳ್ಳಬಹುದೆಂಬ ನಿಯಮವಿರುವುದರಿಂದ, ಸಾಲಿನ ತುದಿಯಲ್ಲಿರುವವನ ಜಾಗ ಎಷ್ಟು ಬೇಗ ಬೇರೆಯವರ ಪಾಲಾಗಬಹುದು ಎಂಬುದನ್ನೂ ವಿವರಿಸಿದರು. ಅಕ್ಕ ಆ ಎರಡು ಹಾಳೆಗಳನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದಳು. ಅಲ್ಲಿಯವರೆಗೆ ಯಾರೂ ನಮಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಇಷ್ಟು ಚಿಕ್ಕ ಹುಡುಗ ತಂಡವನ್ನು ಆರಿಸುವುದು ಉದ್ಧಟತನವಾಗುವುದಿಲ್ಲವೇ ಎಂದು ಭಾವ ಕೇಳಿದಾಗ, ಏಜೆಂಟರು ಜಿಮ್ಮಿ ವೆಸಿ ಎಂಬ ಆಟಗಾರರ ಉದಾಹರಣೆ ಕೊಟ್ಟರು. 2012ರಲ್ಲಿ ನ್ಯಾಶ್‌ವಿಲ್ ತಂಡ ಆರಿಸಿದ್ದ ವೆಸಿ, ಹಾರ್ವರ್ಡ್‌ನಲ್ಲಿ ನಾಲ್ಕು ವರ್ಷ ಆಡಿ, 2016ರಲ್ಲಿ ಅಮೆರಿಕದ ಅತ್ಯುತ್ತಮ ಕಾಲೇಜು ಹಾಕಿ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಪಡೆದು, ನ್ಯಾಶ್‌ವಿಲ್‌ಗೂ ಒಪ್ಪದೆ, ಅಲ್ಲಿಂದ ಹಕ್ಕು ಪಡೆದ ಬಫಲೋಗೂ ಒಪ್ಪದೆ, ಆ ಹಕ್ಕಿನ ಅವಧಿ ಮುಗಿಯುವ ಆಗಸ್ಟ್‌ವರೆಗೆ ಕಾದು ನ್ಯೂಯಾರ್ಕ್ ರೇಂಜರ್ಸ್‌ಗೆ ಸಹಿ ಹಾಕಿದರು. ನಿಯಮವೇ ಕೊಟ್ಟಿರುವ ಹಕ್ಕನ್ನು ಬಳಸಿಕೊಳ್ಳುವುದರಲ್ಲಿ ಅವಿನಯವೇನೂ ಇಲ್ಲವೆಂಬ ಅವರ ಮಾತು ನನಗೂ ಸರಿಯೆನಿಸಿತು.

ಈಗ ದೂರಿನ ವಿಷಯ. ಇಂಥ ಕರಾರಿನಲ್ಲಿ ಎರಡು ಸಂಬಳಗಳಿರುತ್ತವೆ: ಎನ್‌ಎಚ್‌ಎಲ್‌ನಲ್ಲಿ ಆಡಿದ ದಿನಗಳಿಗೆ ಒಂದು, ಅದಕ್ಕಿಂತ ಒಂದು ಹಂತ ಕೆಳಗಿನ ಲೀಗ್ ಆದ ಎಎಚ್‌ಎಲ್‌ಗೆ ಕಳುಹಿಸಿದ ದಿನಗಳಿಗೆ ಇನ್ನೊಂದು. ಎರಡನೆಯದು ಮೊದಲಿನದರ ಸಣ್ಣದೊಂದು ಅಂಶ ಮಾತ್ರ, ಮತ್ತು ಹೆಚ್ಚಿನ ಹುಡುಗರು ಮೊದಲ ವರ್ಷ ಬದುಕುವುದು ಅದರಲ್ಲೇ. ನಾವಾಗಿ ಕೇಳುವವರೆಗೂ ಆ ಅಂಕಿಯನ್ನು ಏಜೆಂಟರು ಪ್ರಸ್ತಾಪಿಸಲಿಲ್ಲ. ಸಹಿಯ ಹಿಂದಿನ ಸಂಜೆ ಇದನ್ನು ತಿಳಿದುಕೊಳ್ಳಲು ಮೂರು ಗಂಟೆ ಫೋನ್ ಮಾಡಬೇಕಾಯಿತು. ಆ ಹೊತ್ತಿನ ಆತಂಕ ಯಾವ ತಂದೆತಾಯಿಗೂ ಬೇಡ. ಬಾಡಿಗೆ, ತೆರಿಗೆ, ಶುಲ್ಕ ಕಳೆದು ಕೈಗೆ ಬರುವುದೆಷ್ಟು ಎಂಬ ಲೆಕ್ಕವನ್ನು ಮೊದಲ ಭೇಟಿಯಲ್ಲೇ ಬರೆದು ಕೊಡುವುದು ಅವರ ಕರ್ತವ್ಯವಾಗಿತ್ತು.

ಶುಲ್ಕ ಮಾತ್ರ ನ್ಯಾಯವಾಗಿದೆ: ಸಂಬಳದ ಶೇ. 3, ಅದೂ ಹುಡುಗನ ಕೈಗೆ ಹಣ ಬಂದ ಮೇಲೆ. ಎನ್‌ಎಚ್‌ಎಲ್ ತಂಡದೊಂದಿಗೆ ಮಾತುಕತೆ ನಡೆಸಲು ಏಜೆಂಟರಿಗೆ ಆಟಗಾರರ ಸಂಘದ ಮಾನ್ಯತೆ ಇರಲೇಬೇಕು. ಅದರ ಪತ್ರವನ್ನು ಕೇಳುವ ಮೊದಲೇ ತೋರಿಸಿದ್ದರು.

ಹುಡುಗ ಐದನೆಯ ಹೆಸರಾಗಿದ್ದ ತಂಡಕ್ಕೇ ಸಹಿ ಹಾಕಿದ. ಆ ಎರಡು ಪೆನ್ಸಿಲ್ ಹಾಳೆಗಳನ್ನು ಅಕ್ಕ ಕರಾರಿನ ಪ್ರತಿಯ ಜತೆಯಲ್ಲೇ ಇಟ್ಟುಕೊಂಡಿದ್ದಾಳೆ.