ಮಹಡಿಯ ಮನೆಗೆ ಒದಗಿದ ಆಂಪ್: ನ್ಯೂರಲ್ ಆಂಪ್ ಮಾಡೆಲರ್

ಶಿವಮೊಗ್ಗದಲ್ಲಿ ನಾನಿರುವುದು ಬಾಡಿಗೆ ಮನೆಯ ಮಹಡಿಯಲ್ಲಿ. ಕೆಳಗೆ ಮಾಲೀಕರ ಮೊಮ್ಮಗು ಎಂಟೂವರೆಗೆ ಮಲಗುತ್ತದೆ. ನನಗೆ ಗಿಟಾರ್ ಹಿಡಿಯಲು ಬಿಡುವಾಗುವುದೇ ಆ ಹೊತ್ತಿಗೆ. ವಾಲ್ವ್ ಆಂಪ್‌ನ (ಗಾಜಿನ ವಾಲ್ವ್‌ಗಳಿಂದ ಗಿಟಾರಿನ ಧ್ವನಿ ಹಿಗ್ಗಿಸುವ ಪೆಟ್ಟಿಗೆಯ) ಸೊಗಸು ಹೊರಬರಬೇಕಾದರೆ ಅದನ್ನು ಜೋರಾಗಿ ಇಡಲೇಬೇಕು, 30 ವಾಟ್‌ನ ವಾಕ್ಸ್ ಎಸಿ30 ಕೂಡ ಅಕ್ಕಪಕ್ಕದ ಮನೆಗಳನ್ನೆಲ್ಲ ಎಬ್ಬಿಸುತ್ತದೆ. ಹಾಗಾಗಿ ಎಂಟು ತಿಂಗಳಿಂದ ಲ್ಯಾಪ್‌ಟಾಪ್, ಹೆಡ್‌ಫೋನ್ ಮತ್ತು ಆಂಪ್‌ನ ನಾದವನ್ನು ಅನುಕರಿಸುವ ತಂತ್ರಾಂಶವಾದ ನ್ಯೂರಲ್ ಆಂಪ್ ಮಾಡೆಲರ್ ನನ್ನ ಪಾಲಿನ ಆಂಪ್ ಆಗಿವೆ.

ಸ್ಟೀವನ್ ಅಟ್ಕಿನ್ಸನ್ ರೂಪಿಸಿದ ಈ ಮುಕ್ತ ತಂತ್ರಾಂಶಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ನಿಜವಾದ ಆಂಪ್‌ಗೆ ಗೊತ್ತಾದ ಒಂದು ಧ್ವನಿಯನ್ನು ಹಾಯಿಸಿ, ಹೊರಬಂದದ್ದನ್ನು ಮುದ್ರಿಸಿಕೊಂಡು, ಎರಡರ ಸಂಬಂಧವನ್ನು ನರಜಾಲಕ್ಕೆ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆಗೆ) ಕಲಿಸುತ್ತಾರೆ. ಹೀಗೆ ತಯಾರಾದ ಮಾದರಿಗಳನ್ನು ಎಲ್ಲೆಲ್ಲಿಯ ಗಿಟಾರ್ ವಾದಕರೋ ಪುಕ್ಕಟೆಯಾಗಿ ಹಂಚಿಕೊಳ್ಳುತ್ತಾರೆ. ಈ ಔದಾರ್ಯಕ್ಕೆ ನಾನು ಋಣಿ.

ಬಲಗೈ ಹೇಳಿದ್ದನ್ನು ಇದು ಕೇಳುತ್ತದೆ. ಪಿಕ್ ಮೆಲ್ಲಗೆ ತಾಗಿದರೆ ನಾದ ತಿಳಿ, ಒತ್ತಿ ಮೀಟಿದರೆ ನಾದದ ಅಂಚು ಒಡೆದು ಒರಟಾಗುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿದರೆ ಮತ್ತೆ ತಿಳಿ. ಭಾವಗೀತೆಯೊಂದರ ಮುದ್ರಣದಲ್ಲಿ, ಚರಣದ ನಡುವೆ ಗಾಯಕಿ ಉಸಿರೆಳೆದುಕೊಳ್ಳುವ ಜಾಗಕ್ಕೆ ನಾಲ್ಕು ಸ್ವರ ತುಂಬಬೇಕಿತ್ತು. ನನ್ನ ಹಳೆಯ ಪೆಡಲಿನಲ್ಲಿ ನಾಲ್ಕೂ ಒಂದೇ ತೂಕಕ್ಕೆ ಬರುತ್ತಿದ್ದವು. ಇದರಲ್ಲಿ ಮೂರನೆಯದು ಮಾತ್ರ ತುಸು ಉರಿಯಿತು. ನನಗೆ ಬೇಕಿದ್ದದ್ದು ಅದೇ.

ಆಂಪ್ ಮಾತ್ರ ಇರುವ ಮಾದರಿಗೆ ಸ್ಪೀಕರ್ ಪೆಟ್ಟಿಗೆಯ ಐಆರ್ ಕಡತವನ್ನು (ಆ ಪೆಟ್ಟಿಗೆ ಧ್ವನಿಯನ್ನು ಹೇಗೆ ಬದಲಿಸುತ್ತದೆ ಎಂಬುದರ ಮುದ್ರಣ) ಬೇರೆಯಾಗಿ ಸೇರಿಸಬೇಕು, ಮರೆತರೆ ಕಿವಿಯಲ್ಲಿ ಕಣಜ ಹೊಕ್ಕಂತಾಗುತ್ತದೆ.

ಒಂದು ಮಿತಿ ಇದೆ, ಅದು ಸಣ್ಣದಲ್ಲ. ಸಾಮಾನ್ಯ ಮಾದರಿಯೊಂದರಲ್ಲಿ ಸೆರೆಯಾಗಿರುವುದು ಆಂಪ್‌ನ ಗುಂಡಿಗಳು ಆ ದಿನ ನಿಂತಿದ್ದ ಸ್ಥಿತಿ ಮಾತ್ರ. ಇನ್‌ಪುಟ್ ಏರಿಸಿದರೆ ಧ್ವನಿ ಎಷ್ಟು ಒಡೆಯಬೇಕೆಂದು ನಿರ್ಧರಿಸುವ ನಿಜವಾದ ಗೇನ್ ಗುಂಡಿ ತಿರುಗಿಸಿದ ಹಾಗೆ ಆಗುವುದಿಲ್ಲ, ಬೇರೆ ಮಾದರಿಯನ್ನೇ ತೆರೆಯಬೇಕು. ಮನೆಯಲ್ಲಿ ಇದಕ್ಕೆ ಸಮಯವಿದೆ. ಆರ್ಕೆಸ್ಟ್ರಾದಲ್ಲಿ ಪಲ್ಲವಿ ಮುಗಿದು ಸೋಲೋ ಹಿಡಿಯುವಾಗ ಮೌಸ್ ಮುಟ್ಟಲು ಆಗುತ್ತದೆಯೇ? ಅದಕ್ಕೇ ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಎರಡು ಟ್ರ್ಯಾಕ್ ಇಟ್ಟು, ಒಂದರಲ್ಲಿ ತಿಳಿ ಧ್ವನಿ, ಇನ್ನೊಂದರಲ್ಲಿ ಸೋಲೋ ಧ್ವನಿ ಹಾಕಿ, ಕಂಪ್ಯೂಟರ್‌ಗೆ ಸಂಕೇತ ಕಳಿಸುವ ಕಾಲ್ಗುಂಡಿಯಾದ ಮಿಡಿ ಫುಟ್‌ಸ್ವಿಚ್‌ನಿಂದ ಬದಲಿಸುತ್ತೇನೆ.

64 ಸ್ಯಾಂಪಲ್ ಬಫರ್‌ಗೆ (ಒಂದು ಸಲಕ್ಕೆ ಸಂಸ್ಕರಿಸುವ ಧ್ವನಿಯ ತುಣುಕು) ನನ್ನ ಹಳೆಯ ಲ್ಯಾಪ್‌ಟಾಪ್ ಚಟಪಟ ಎನ್ನುತ್ತಿತ್ತು, 128ಕ್ಕೆ ಏರಿಸಿದಾಗ ಆ ಸದ್ದು ನಿಂತಿತು. 48 ಕಿಲೋಹರ್ಟ್ಸ್‌ನಲ್ಲಿ ಅದು 2.7 ಮಿಲಿಸೆಕೆಂಡ್. ಧ್ವನಿ ಒಳಗೆ ಬರುವ, ಹೊರಗೆ ಹೋಗುವ ತಡ, ಗಿಟಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಇಂಟರ್‌ಫೇಸಿನದು ಎಲ್ಲ ಕೂಡಿಸಿದರೂ ಮೂರು ಮೀಟರ್ ಆಚೆಯ ಸ್ಪೀಕರ್ ಕೇಳಿದಷ್ಟೇ ತಡ. ಬೆರಳಿಗೆ ಅದು ತಿಳಿಯಲೇ ಇಲ್ಲ.

ಗಣಪತಿ ಪೆಂಡಾಲಿನಲ್ಲಿ ಸೀರಿಯಲ್ ಲೈಟುಗಳ ಗುಂಯ್ ಸದ್ದು ಗಿಟಾರಿನ ತಂತಿಯ ಕಂಪನ ಹಿಡಿಯುವ ಪಿಕಪ್‌ಗೆ ಹೊಕ್ಕಾಗ, ಸಣ್ಣ ಸದ್ದುಗಳನ್ನು ತಡೆಯುವ ನಾಯ್ಸ್ ಗೇಟ್ ಬಿಗಿ ಮಾಡಿದೆ. ಸದ್ದು ಹೋಯಿತು, ಜೊತೆಗೆ ನೀಳ ಸ್ವರಗಳ ಬಾಲವೂ ಕತ್ತರಿಸಿಹೋಯಿತು. ಸಡಿಲಿಸಿದೆ. ಗುಂಯ್ ಸದ್ದು ಸ್ವಲ್ಪ ಉಳಿದರೂ ಸರಿ, ಸ್ವರ ಪೂರ್ತಿ ಕೇಳಲಿ.