ಪ್ಲಾಸ್ಟಿಕ್ ವಿಂಗಡಿಸುವ ಎನ್‌ಐಆರ್ ಸಾರ್ಟರ್: ಹಳತಾದ ಮೇಲೆ ಹೇಗಿದೆ?

ಹಳೆ ಪೆಟ್ ಬಾಟಲಿಗಳನ್ನು ತೊಳೆದು ಫ್ಲೇಕ್ಸ್ (ಸಣ್ಣ ಚೂರು) ಮಾಡುವ ಲೈನಿನಲ್ಲಿ ನನ್ನ ಕೆಲಸ. ಅಲ್ಲಿರುವ ಎನ್‌ಐಆರ್ ಸಾರ್ಟರನ್ನು, ಅಂದರೆ ನಿಯರ್ ಇನ್‌ಫ್ರಾರೆಡ್ ಬೆಳಕಿನಿಂದ ಪ್ಲಾಸ್ಟಿಕ್ ಯಾವುದು ಅಂತ ಗುರುತಿಸಿ ಬೇರೆ ಮಾಡುವ ಮಷಿನನ್ನು, ಕೆಲವು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೊಸತರಲ್ಲಿ ಎಲ್ಲ ಮಷಿನ್ನೂ ಚೆನ್ನಾಗಿಯೇ ಓಡುತ್ತದೆ. ಕೊಳ್ಳುವವರಿಗೆ ಬೇಕಾಗಿರುವುದು ಆಮೇಲಿನ ಕಥೆ, ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ. ಸೆನ್ಸರ್ ಬಗ್ಗೆ ನನಗೆ ಅಂಥ ದೂರಿಲ್ಲ. ಕೆಲಸ ಕೆಟ್ಟಾಗಲೆಲ್ಲ ಕಾರಣ ಅದರ ಸುತ್ತಮುತ್ತಲೇ ಸಿಕ್ಕಿದೆ: ಗಾಳಿ, ಧೂಳು, ಬೆಲ್ಟ್.

ಇದು ಯಾಕೆ ಬೇಕು ಅನ್ನುವವರಿಗೆ ಒಂದು ಮಾತು. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುತ್ತವೆ, ಪೆಟ್ ಮುಳುಗುತ್ತದೆ. ಹಾಗಾಗಿ ಅವುಗಳಿಂದ ಮಾಡಿದ ಮುಚ್ಚಳಗಳನ್ನು ನೀರಿನ ತೊಟ್ಟಿಯಲ್ಲೇ ಬೇರೆ ಮಾಡಬಹುದು. ಪಿವಿಸಿ ಮಾತ್ರ ಪೆಟ್ ಜೊತೆಗೇ ಮುಳುಗುತ್ತದೆ. ಎರಡರ ಸಾಂದ್ರತೆಯೂ ಹತ್ತಿರ ಹತ್ತಿರ. ಪೆಟ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖಕ್ಕೆ ಪಿವಿಸಿ ಸುಟ್ಟು ಆಮ್ಲದ ಹೊಗೆ ಬಿಡುತ್ತದೆ. ಪೆಟ್ ಹಳದಿಯಾಗುತ್ತದೆ, ಕಪ್ಪು ಚುಕ್ಕೆ ಬೀಳುತ್ತವೆ. ಚೂರು ಪಾರು ಪಿವಿಸಿ ಸೇರಿದರೂ ಮಾಲು ವಾಪಸ್ ಬರುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುವಾಗ ಕೈಯಲ್ಲಿ ಆರಿಸುವವರು ಪಾಪ ಏನು ಮಾಡುತ್ತಾರೆ?

ಸೆನ್ಸರ್‌ಗೆ ಇದು ಸುಲಭ. ಹ್ಯಾಲೊಜೆನ್ ದೀಪದ ಬೆಳಕು ಬಾಟಲಿಯ ಮೇಲೆ ಬಿದ್ದು ವಾಪಸ್ ಬರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ, ಸುಮಾರು 1000ದಿಂದ 1700 ನ್ಯಾನೊಮೀಟರ್ ಭಾಗವನ್ನು ಸೆನ್ಸರ್ ಓದುತ್ತದೆ. ಒಂದೊಂದು ಪ್ಲಾಸ್ಟಿಕ್ ಒಂದೊಂದು ಕಡೆ ಬೆಳಕನ್ನು ನುಂಗುತ್ತದೆ. ಅದೇ ಗುರುತು. ಪಿವಿಸಿ ಅಂತ ಗೊತ್ತಾದ ಕೂಡಲೇ ಬೆಲ್ಟಿನ ತುದಿಯಲ್ಲಿ ವಾಲ್ವ್ ತೆರೆದು, ಗಾಳಿ ಅದನ್ನು ಆಚೆ ತಳ್ಳುತ್ತದೆ.

ನನ್ನ ಹೆಚ್ಚಿನ ಸಮಯ ಹೋಗುವುದು ಈ ವಾಲ್ವ್‌ಗಳ ಹಿಂದೆಯೇ. ಬೆಲ್ಟಿನ ಅಗಲಕ್ಕೂ ಸಾಲಾಗಿ ಸಣ್ಣ ನಾಝಲ್‌ಗಳಿರುತ್ತವೆ. ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಬಂದರೆ ಅದಕ್ಕೆ ಧೂಳು ಅಂಟಿ ಒಂದು ವಾಲ್ವ್ ಸದ್ದಿಲ್ಲದೆ ಕೂತುಬಿಡುತ್ತದೆ. ಪರದೆಯ ಮೇಲೆ ಎಲ್ಲ ಸರಿ ಇದೆ ಅಂತಲೇ ಕಾಣುತ್ತದೆ. ಸೆನ್ಸರ್ ಪಿವಿಸಿಯನ್ನು ಗುರುತಿಸಿದೆ, ಆದೇಶವನ್ನೂ ಕೊಟ್ಟಿದೆ. ಗಾಳಿ ಮಾತ್ರ ಬಂದಿಲ್ಲ. ಬೆಲ್ಟಿನ ಆ ಒಂದು ಪಟ್ಟಿಯಲ್ಲಿ ಬಂದ ಪಿವಿಸಿಯೆಲ್ಲ ಒಳ್ಳೆ ಮಾಲಿಗೆ ಸೇರುತ್ತಿರುತ್ತದೆ. ಅದಕ್ಕೇ ಶಿಫ್ಟ್ ಶುರುವಿಗೆ ಪಿವಿಸಿ ತುಂಡುಗಳನ್ನು ಬೆಲ್ಟಿಗೆ ಅಡ್ಡಲಾಗಿ ಒಂದು ಸಾಲಿನಲ್ಲಿ ಇಟ್ಟು ಓಡಿಸುತ್ತೇವೆ. ಒಂದೊಂದಕ್ಕೂ ಬಣ್ಣದ ಗುರುತು ಹಾಕಿದೆ. ಯಾವ ಬಣ್ಣ ಹಾರಲಿಲ್ಲವೋ ಆ ನಾಝಲ್ ಬಿಚ್ಚುತ್ತೇವೆ. ದುಬಾರಿ ಸಾಫ್ಟ್‌ವೇರ್‌ಗಿಂತ ಈ ತುಂಡುಗಳನ್ನು ನಾನು ಜಾಸ್ತಿ ನಂಬುತ್ತೇನೆ.

ಬೆಲ್ಟ್ ಜಾರುವುದು ಇನ್ನೊಂದು ತಲೆನೋವು. ಸೆಕೆಂಡಿಗೆ ಮೂರು ಮೀಟರ್ ಓಡುವ ಬೆಲ್ಟಿನಲ್ಲಿ ಸೆಕೆಂಡಿನ ನೂರನೇ ಒಂದು ಪಾಲು ತಪ್ಪಿದರೂ ಬಾಟಲಿ ಮೂರು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಗಾಳಿ ಅದರ ಬಾಲಕ್ಕೆ ಬಡಿಯುತ್ತದೆ, ಇಲ್ಲವೇ ಪಕ್ಕದ ಒಳ್ಳೆ ಬಾಟಲಿಯನ್ನು ಹಾರಿಸುತ್ತದೆ. ಮಾಲು ಒಂದರ ಮೇಲೊಂದು ಬಿದ್ದು ಬಂದರೂ ಇದೇ ಗತಿ. ಒಂದೇ ಪದರವಾಗಿ ಹರಡಿ ಕಳಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಸುಮ್ನೆ ಟನ್ ಲೆಕ್ಕಕ್ಕೆ ಬೆಲ್ಟ್ ತುಂಬಿಸಬೇಡಿ.

ದೀಪಗಳು ನಿಧಾನವಾಗಿ ಮಂಕಾಗುತ್ತವೆ. ಗಾಜಿನ ಮೇಲೆ ಧೂಳು ಕೂರುತ್ತದೆ. ಒರೆಸಿ, ಬಿಳಿ ಹಲಗೆ ಇಟ್ಟು ಕ್ಯಾಲಿಬ್ರೇಷನ್ ಮಾಡಿದರೆ ಸರಿಹೋಗುತ್ತದೆ. ಬಾಟಲಿ ತುಂಬ ಒದ್ದೆಯಾಗಿದ್ದರೆ ಓದುವುದು ಕಷ್ಟ, ಯಾಕೆಂದರೆ ನೀರು ಕೂಡ 1450 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಚೆನ್ನಾಗಿ ನುಂಗುತ್ತದೆ.

ಈ ಸೆನ್ಸರ್‌ಗೆ ನಿಜವಾಗಿ ಆಗದ ಕೆಲಸವೂ ಇದೆ. ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕಪ್ಪು ಪುಡಿ) ಹಾಕಿದ ಕಪ್ಪು ಪ್ಲಾಸ್ಟಿಕ್ ಬೆಳಕನ್ನೆಲ್ಲ ನುಂಗಿಬಿಡುವುದರಿಂದ ಅಲ್ಲಿ ಏನೂ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಅದಕ್ಕೆ ಇನ್ನೂ ಉದ್ದದ ತರಂಗ ಓದುವ ಬೇರೆ ಕ್ಯಾಮೆರಾ ಬೇಕು. ಇನ್ನು ಬಾಟಲಿಯನ್ನು ಪೂರ್ತಿ ಸುತ್ತಿದ ಲೇಬಲ್. ಸೆನ್ಸರ್ ಓದುವುದು ಮೇಲಿನ ಲೇಬಲನ್ನೇ ಹೊರತು ಒಳಗಿನ ಬಾಟಲಿಯನ್ನಲ್ಲ. ಹೀಗೆ ಎಷ್ಟೋ ಒಳ್ಳೆ ಪೆಟ್ ಕಸಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಲೇಬಲ್ ಕೀಳುವ ಮಷಿನ್ ಇದರ ಮುಂದೆ ಇರಲೇಬೇಕು. ಲೇಬಲ್ ವಿನ್ಯಾಸ ಮಾಡುವವರೂ ಇದನ್ನು ಯೋಚಿಸಬೇಕು.

ಇಷ್ಟೆಲ್ಲ ಹೇಳಿದರೂ ಇದಿಲ್ಲದೆ ಪೆಟ್ ಲೈನ್ ನಡೆಸುವುದು ನನಗೆ ಊಹಿಸಲೂ ಆಗುವುದಿಲ್ಲ. ಕೊಳ್ಳುವ ಯೋಚನೆ ಇದ್ದರೆ ಡೆಮೋಗೆ ನಿಮ್ಮದೇ ಮಾಲು ತೆಗೆದುಕೊಂಡು ಹೋಗಿ. ಬೇಲ್ (ಒತ್ತಿ ಕಟ್ಟಿದ ಬಾಟಲಿಗಳ ಮೂಟೆ) ಬಿಚ್ಚಿದ ಹಾಗೇ ಇರಲಿ, ಜಜ್ಜಿದ್ದು, ಕೊಳಕು, ಲೇಬಲ್ ಸಮೇತ. ಅವರು ಒಳ್ಳೆ ಮಾಲಿನ ಡಬ್ಬಿ ತೋರಿಸುತ್ತಾರೆ. ನೀವು ರಿಜೆಕ್ಟ್ ಡಬ್ಬಿಯನ್ನೂ ನೆಲಕ್ಕೆ ಸುರಿಸಿ, ಅದರಲ್ಲಿ ಒಳ್ಳೆ ಬಾಟಲಿ ಎಷ್ಟಿವೆ ಅಂತ ಎಣಿಸಿ. ವಾಲ್ವ್ ಕೆಟ್ಟರೆ ನಿಮ್ಮ ಆಪರೇಟರೇ ಬದಲಿಸಬಹುದಾ ಅಂತಲೂ ಅಲ್ಲೇ ಕೇಳಿ, ನಿಮ್ಮ ಎದುರಿಗೇ ಒಂದನ್ನು ಬಿಚ್ಚಿ ತೋರಿಸಲು ಹೇಳಿ.