ಬೇಲಿಗೆ ಸೋಲಾರ್ ಪ್ಯಾನೆಲ್ ಕಟ್ಟಿಸುವ ಮುಂಚೆ ಇದನ್ನು ಓದಿ

ಹಿತ್ತಲ ತಂತಿ ಬೇಲಿಗೇ ಸೋಲಾರ್ ಪ್ಯಾನೆಲ್ ಕಟ್ಟಿಕೊಡುತ್ತೇವೆ, ಸ್ಟ್ಯಾಂಡ್ ಖರ್ಚು ಉಳಿಯುತ್ತದೆ ಅಂತ ಯಾರಾದರೂ ಬಂದರೆ ದಯವಿಟ್ಟು ಮುಂಗಡ ಕೊಡಬೇಡಿ. ನಮ್ಮ ಮನೆಯಲ್ಲಿ ಹಾಗೆ ಕಟ್ಟಿಸಿ ದುಡ್ಡು ಹೋಯಿತು. ಜೀವಕ್ಕೂ ಕುತ್ತು ಬರುವುದಿತ್ತು. ವಿಜಯಪುರ, ಬಾಗಲಕೋಟೆ ಕಡೆಯ ಎರೆ (ಕಪ್ಪು) ಮಣ್ಣಿನಲ್ಲಿ ಮನೆ ಇರುವವರು ಇದನ್ನು ಪೂರ್ತಿ ಓದಬೇಕು.

ನಮ್ಮದು ವಿಜಯಪುರದ ಹೊರವಲಯದಲ್ಲಿರುವ ಹಳೆಯ ಮಣ್ಣಿನ ಮಾಳಿಗೆ ಮನೆ, ಅಂದರೆ ಛಾವಣಿಯೂ ಮಣ್ಣಿನದೇ. ಮಾಳಿಗೆ ಮೇಲೆ ಭಾರ ಹೇರುವಂತಿಲ್ಲ, ತೂತು ಕೊರೆಯುವಂತಿಲ್ಲ. ಬಿಲ್ಲಿನ ಚಿಂತೆ ಇರಲಿಲ್ಲ, ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಅವ್ವನ ಕೋಣೆಯ ಫ್ಯಾನ್ ನಿಲ್ಲಬಾರದು, ಅಷ್ಟೇ ನಮ್ಮ ಆಸೆ. ಗುರುತಿನವರು ಒಬ್ಬ ಸೋಲಾರ್ ಕೆಲಸದವನನ್ನು ಕಳಿಸಿದರು. ಅವನು ಹಿತ್ತಲನ್ನೆಲ್ಲ ನೋಡಿ, "ಅಕ್ಕಾರ, ಇಷ್ಟುದ್ದ ಬೇಲಿ ಐತಿ, ದಕ್ಷಿಣಕ್ಕ ಮುಖಾನೂ ಐತಿ. ಸ್ಟ್ಯಾಂಡಿಗಿ ಯಾಕ ರೊಕ್ಕ ಹಾಕ್ತೀರಿ?" ಅಂದ. ಮೊಬೈಲ್‌ನಲ್ಲಿ ಹೊರದೇಶದ ವಿಡಿಯೋ ತೋರಿಸಿದ. ಸಾಲಾಗಿ ಮನೆಗಳು, ಎಲ್ಲದರ ಬೇಲಿಯಲ್ಲೂ ನೆಟ್ಟಗೆ ನಿಂತ ಪ್ಯಾನೆಲ್‌ಗಳು.

ವಿಡಿಯೋ ಸುಳ್ಳಲ್ಲ. ಜರ್ಮನಿಯಲ್ಲಿ ಬಾಲ್ಕನಿಗೂ ಬೇಲಿಗೂ ಪ್ಯಾನೆಲ್ ಹಾಕುತ್ತಾರೆ. ಆದರೆ ಅಲ್ಲಿನ ಸೂರ್ಯನೇ ಬೇರೆ. ಬರ್ಲಿನ್‌ನಲ್ಲಿ ಡಿಸೆಂಬರ್ ನಡುಹಗಲಿಗೂ ಸೂರ್ಯ ನೆಲದಿಂದ 14 ಡಿಗ್ರಿ ಮೇಲಕ್ಕೆ ಬಂದರೆ ಹೆಚ್ಚು. ಅಷ್ಟು ಕೆಳಗಿನ ಬಿಸಿಲು ನೆಟ್ಟಗೆ ನಿಂತ ಪ್ಯಾನೆಲ್‌ಗೆ ಎದುರಿನಿಂದಲೇ ಬೀಳುತ್ತದೆ. ವಿಜಯಪುರ ಇರುವುದು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್‌ನಲ್ಲೇ ನಮ್ಮ ನಡುಹಗಲ ಸೂರ್ಯ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇ ಮೊದಲ ವಾರ ಕಳೆಯುವಷ್ಟರಲ್ಲಿ ನೆತ್ತಿಗೆ ಬಂದು, ಅಲ್ಲಿಂದ ಉತ್ತರಕ್ಕೆ ದಾಟಿಬಿಡುತ್ತಾನೆ. ಮತ್ತೆ ದಕ್ಷಿಣಕ್ಕೆ ಬರುವುದು ಆಗಸ್ಟ್ ಮೊದಲ ವಾರದ ಹೊತ್ತಿಗೆ. ಅಂದರೆ ಆ ಮೂರು ತಿಂಗಳು ದಕ್ಷಿಣಕ್ಕೆ ಮುಖ ಮಾಡಿ ನೆಟ್ಟಗೆ ನಿಂತ ಪ್ಯಾನೆಲ್‌ಗೆ ಬೆಳಿಗ್ಗೆಯಿಂದ ಸಂಜೆವರೆಗೆ ನೇರ ಬಿಸಿಲೇ ತಾಗುವುದಿಲ್ಲ. ಆಕಾಶದ ಬೆಳಕು, ನೆಲದಿಂದ ಪುಟಿದ ಬೆಳಕು, ಅಷ್ಟೇ. ಫ್ಯಾನ್ ಬೇಕೇ ಬೇಕು ಅನ್ನುವ ಮೇ ತಿಂಗಳಲ್ಲೇ ಈ ಪ್ಯಾನೆಲ್ ಕೈಕೊಡುತ್ತದೆ. ಇದನ್ನು ಅವನು ಒಂದು ಮಾತೂ ಹೇಳಲಿಲ್ಲ.

ಚಳಿಗಾಲದಲ್ಲಿ ಕಟ್ಟಿದ. ತಲಾ 335 ವ್ಯಾಟ್‌ನ ನಾಲ್ಕು ಸೆಕೆಂಡ್ ಹ್ಯಾಂಡ್ ಪ್ಯಾನೆಲ್, ಇನ್ವರ್ಟರ್, ಎರಡು ಬ್ಯಾಟರಿ. ಆಗ ಚೆನ್ನಾಗಿಯೇ ನಡೆಯಿತು. ಏಪ್ರಿಲ್‌ನಿಂದ ಇಳಿಯುತ್ತಾ ಬಂತು. ಮೇನಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಗೆ, ಅಂಗಳದಲ್ಲಿ ಬರಿಗಾಲಿಡಲು ಆಗದ ಬಿಸಿಲಿನಲ್ಲಿ, ಇನ್ವರ್ಟರ್‌ನ ಪರದೆ 200 ವ್ಯಾಟ್ ಕೂಡ ತೋರಿಸುತ್ತಿರಲಿಲ್ಲ. ಫೋನ್ ಮಾಡಿದರೆ "ಧೂಳ್ ಕುಂತೈತ್ರಿ, ತೊಳೀರಿ" ಅಂದ. ತಮ್ಮ ತೊಳೆದ. ಏನೂ ಬದಲಾಗಲಿಲ್ಲ. ಅಸಲಿಗೆ ನೆಟ್ಟಗೆ ನಿಂತ ಗಾಜಿನ ಮೇಲೆ ಧೂಳು ಕೂರುವುದೇ ಕಡಿಮೆ.

ಸೆಕೆಂಡ್ ಹ್ಯಾಂಡ್ ಪ್ಯಾನೆಲ್ ಬಗ್ಗೆಯೂ ಒಂದು ಮಾತು. ಮಾರುವವನು ಮಲ್ಟಿಮೀಟರ್ ಹಿಡಿದು "ನೋಡ್ರಿ, 45 ವೋಲ್ಟ್ ಬರಾಕತ್ತೈತಿ" ಅಂತ ತೋರಿಸುತ್ತಾನೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಒಳಗೆ ಸೆಲ್‌ಗಳು ಸೀಳಿದ್ದರೂ ವೋಲ್ಟೇಜ್ ಹೆಚ್ಚುಕಡಿಮೆ ಪೂರ್ತಿಯೇ ಬರುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಕರೆಂಟ್ ಎಷ್ಟು ಆಂಪಿಯರ್ ಬರುತ್ತದೆ ಅಂತ ವೈರಿಗೆ ಹೊರಗಿನಿಂದ ಕಚ್ಚಿಸಿ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್‌ನಲ್ಲಿ ನೋಡಬೇಕು. ಪ್ಯಾನೆಲ್ ಹಿಂದಿನ ಚೀಟಿಯಲ್ಲಿರುವ ಅಂಕಿಗೆ ಹೋಲಿಸಬೇಕು.

ಈಗ ಗಾಳಿಯ ವಿಷಯ. ನಾನು ಇದನ್ನು ಬರೆಯುತ್ತಿರುವುದೇ ಮುಖ್ಯವಾಗಿ ಇದಕ್ಕಾಗಿ.

ನಮ್ಮ ಬೇಲಿ ಜಾಳಿಗೆ ತಂತಿಯದು, ಕಬ್ಬಿಣದ ಆಂಗಲ್ ಕಂಬಗಳು. ಕಂಬ ಒಂದೂವರೆ ಅಡಿ ಆಳಕ್ಕೆ ಹೂತಿದ್ದು. ದನ, ಮೇಕೆ ಒಳಗೆ ಬರದಂತೆ ತಡೆಯಲು ಅದು ಸಾಕು. ಜಾಳಿಗೆಯಲ್ಲಿ ಗಾಳಿ ತೂರಿ ಹೋಗುತ್ತದೆ, ಕಂಬಕ್ಕೆ ಭಾರ ಬೀಳುವುದಿಲ್ಲ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಪ್ಯಾನೆಲ್ ಕಟ್ಟಿದಿರಿ ಅಂದರೆ ಅದೇ ಬೇಲಿ ಹಡಗಿನ ಹಾಯಿ ಇದ್ದಂತೆ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರ್ ಜಾಗವನ್ನು ಸುಮಾರು 30 ಕೆ.ಜಿ. ಬಲದಿಂದ ತಳ್ಳುತ್ತದೆ. ಒಂದು ಪ್ಯಾನೆಲ್‌ಗೆ 60 ಕೆ.ಜಿ., ನಾಲ್ಕಕ್ಕೆ 240. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ.

ಇದರ ಜೊತೆಗೆ ನಮ್ಮ ಎರೆ ಮಣ್ಣು. ಬೇಸಿಗೆಯಲ್ಲಿ ಒಣಗಿ, ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಉಬ್ಬುತ್ತದೆ. ಒಂದೂವರೆ ಅಡಿಯ ಕಂಬವನ್ನು ಈ ಮಣ್ಣು ಬಿಗಿಯಾಗಿ ಹಿಡಿಯುವುದಿಲ್ಲ, ವರ್ಷವಿಡೀ ಅಲುಗಾಡಿಸುತ್ತದೆ. ಮಾರ್ಚ್‌ನಲ್ಲೇ ಎರಡು ಕಂಬಗಳ ಬುಡದಲ್ಲಿ ಸಂದು ಕಂಡಿತ್ತು. ಹೇಳಿದ್ದಕ್ಕೆ ಅವನು ಬಂದು ಬುಡಕ್ಕೆ ಒಂದಿಷ್ಟು ಸಿಮೆಂಟ್ ಮೆತ್ತಿ ಹೋದ.

ಮೇ ತಿಂಗಳ ಒಂದು ಸಂಜೆ ಅಡ್ಡಮಳೆ ಬಂತು. ಮಳೆಗಿಂತ ಮೊದಲು ಗಾಳಿ. ಬೇಲಿ ಬುಡಸಮೇತ ಕಿತ್ತು ಹಿಂದಿನ ದಾರಿಗೆ ಅಡ್ಡ ಬಿತ್ತು. ಎರಡು ಪ್ಯಾನೆಲ್‌ಗಳ ಗಾಜು ಸಕ್ಕರೆ ಹರಳಿನಷ್ಟು ಚೂರಾಯಿತು. ಆ ದಾರಿಯಲ್ಲಿ ಸಂಜೆ ಹೊತ್ತು ಓಣಿಯ ಹುಡುಗರು ಆಡುತ್ತಾರೆ. ಗಾಳಿ ಎದ್ದ ಕೂಡಲೇ ಅವರ ತಾಯಂದಿರು ಒಳಗೆ ಕರೆದುಕೊಂಡಿದ್ದರು. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮರುದಿನ ಬಿಸಿಲೇರಿದ ಮೇಲೆ ತಮ್ಮ ಎತ್ತಿಡಲು ಹೋದ. ಕಿತ್ತ ವೈರು ಜಾಳಿಗೆಗೆ ತಾಗಿ ಚಟಚಟ ಕಿಡಿ ಹಾರಿತು. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಕಾಕಾ ಓಡಿಬಂದು, "ತಮ್ಮಾ, ಮುಟ್ಟಬ್ಯಾಡ, ಮೊದಲ ತಾಡಪತ್ರಿ ಹೊಚ್ಚು" ಅಂತ ಕೂಗಿದರು. ತಾಡಪತ್ರಿ ಅಂದರೆ ಟಾರ್ಪಾಲ್. ಗಾಜು ಒಡೆದರೂ ಬಿಸಿಲು ಬಿದ್ದರೆ ಪ್ಯಾನೆಲ್ ಕರೆಂಟ್ ಕೊಡುತ್ತಲೇ ಇರುತ್ತದೆ. ಅದಕ್ಕೆ ಆಫ್ ಮಾಡುವ ಬಟನ್ ಇಲ್ಲ, ಬೆಳಕು ಮುಚ್ಚುವುದೊಂದೇ ದಾರಿ. ನಮ್ಮದು ಎರಡೆರಡು ಪ್ಯಾನೆಲ್ ಸರಣಿಯಲ್ಲಿತ್ತು, ಅಂದರೆ ಒಂದರ ಹಿಂದೊಂದು ಜೋಡಿಸಿದ್ದು, ಎರಡರ ವೋಲ್ಟ್ ಸೇರಿ 90. ನಾಲ್ಕೂ ಸರಣಿಯಲ್ಲಿದ್ದರೆ 180 ಆಗುತ್ತಿತ್ತು. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ, ಹಾಗಾಗಿ ಕಿಡಿ ಬೇಗ ಆರುತ್ತದೆ. ಪ್ಯಾನೆಲ್ ಕೊಡುವ ಡಿಸಿ ಕರೆಂಟ್ ಹಾಗಲ್ಲ, ಹೊತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ.

ಕಾಕಾ ಒಂದೊಂದೇ ಬಿಚ್ಚಿ ತೋರಿಸಿದರು. ಸೋಲಾರ್ ಡಿಸಿ ಕೇಬಲ್ ಬದಲು ಮನೆಯೊಳಗೆ ಎಳೆಯುವ ಸಾದಾ ವೈರು ಹಾಕಿದ್ದ. ಅದನ್ನು ಜಾಳಿಗೆಗೆ ಕಟ್ಟುತಂತಿಯಿಂದ ಬಿಗಿದ ಕಡೆ ಪ್ಲಾಸ್ಟಿಕ್ ಸವೆದು ತಾಮ್ರ ಕಾಣುತ್ತಿತ್ತು. ಡಿಸಿ ಸ್ವಿಚ್ ಇರಬೇಕಾದಲ್ಲಿ ಮನೆಯ ಎಸಿ ಕರೆಂಟಿಗೆ ಹಾಕುವ ಸಾದಾ ಎಂಸಿಬಿ, ಡಿಸಿ ಕಿಡಿ ಆರಿಸಲು ಅದನ್ನು ನಂಬುವಂತಿಲ್ಲ. ಅರ್ಥಿಂಗ್ ಇರಲೇ ಇಲ್ಲ. ಫ್ರೇಮಿನಲ್ಲಿ ಕಂಪನಿಯವರೇ ಬಿಟ್ಟ ತೂತುಗಳಿದ್ದರೂ ಬೇರೆ ಕಡೆ ಡ್ರಿಲ್ ಮಾಡಿದ್ದ. ಅವ್ವ ಅದೇ ಬೇಲಿಯ ಮೇಲೆ ಒದ್ದೆ ಬಟ್ಟೆ ಒಣಗಿಸುತ್ತಿದ್ದಳು.

ಕೆಲಸದವನು ಬಂದು ನೋಡಿ, "ಗಾಳಿಗಿ ನಾ ಏನ್ ಮಾಡ್ಲಿ ಅಕ್ಕಾರ" ಅಂದು ಹೋದ. ಅವನು ಕೊಟ್ಟ ಚೀಟಿಯಲ್ಲಿ "ಸೋಲಾರ್ ಕೆಲಸ" ಅಂತ ಬರೆದು ಮೊತ್ತ ಹಾಕಿದ್ದು ಬಿಟ್ಟರೆ ಪ್ಯಾನೆಲ್ ನಂಬರ್ ಇಲ್ಲ, ಜಿಎಸ್‌ಟಿ ಇಲ್ಲ, ಸಹಿಯೂ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಸರಿಯಾದ ಬಿಲ್ ಇಲ್ಲದಿದ್ದರೆ ವಾದ ಮಾಡುವುದು ಕಷ್ಟ. ಹಾಗಾಗಿ ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರ್ ಬರೆಸಿದ ಬಿಲ್ ಸಿಗದೆ ಪೂರ್ತಿ ದುಡ್ಡು ಕೊಡಲೇಬೇಡಿ.

ಸಬ್ಸಿಡಿ ಆಮೇಲೆ ಮಾಡಿಸಿಕೊಡುತ್ತೇನೆ ಅಂದರೂ ನಂಬಬೇಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಿಗುತ್ತದೆ. ಆದರೆ ಮೊದಲು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ನೋಂದಾಯಿತ ವೆಂಡರ್ ಬೇಕು, ದೇಶದಲ್ಲೇ ತಯಾರಾದ ಸೆಲ್‌ನ ಹೊಸ ಪ್ಯಾನೆಲ್ ಬೇಕು, ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂ ಲೈನಿಗೆ ನೆಟ್ ಮೀಟರ್ (ಹೋಗುವ, ಬರುವ ಎರಡೂ ಕರೆಂಟ್ ಅಳೆಯುವ ಮೀಟರ್) ಮೂಲಕ ಸೇರಿಸಬೇಕು. ಹಳೆ ಪ್ಯಾನೆಲ್‌ಗೆ, ಬರೀ ಬ್ಯಾಟರಿ ಸಿಸ್ಟಮ್‌ಗೆ ಅದು ಬರುವುದಿಲ್ಲ.

ದುಡ್ಡು ಕಡಿಮೆ ಇದೆ, ಛಾವಣಿ ಗಟ್ಟಿ ಇಲ್ಲ ಅನ್ನುವವರಿಗೆ ನೆಲದ ಮೇಲೆ ಕುಳ್ಳಗಿನ ಸ್ಟ್ಯಾಂಡ್ ಮಾಡಿಸುವುದೇ ಒಳ್ಳೆಯದು. ಉಳಿದ ಎರಡು ಪ್ಯಾನೆಲ್‌ಗಳನ್ನು ನಾವು ಹಾಗೆಯೇ ಹಾಕಿಸಿದ್ದೇವೆ. ಗೌಂಡಿ ಮೂರು ಅಡಿ ತೋಡಿ, ಎರೆ ತೆಗೆದು ಗರಸು (ಒರಟು ಕಲ್ಲುಮಣ್ಣು) ತುಂಬಿ ಕಾಂಕ್ರೀಟ್ ಹಾಕಿದ. ದಕ್ಷಿಣಕ್ಕೆ ಮುಖ, 15ರಿಂದ 17 ಡಿಗ್ರಿ ಓರೆ. ಈ ಓರೆಯಲ್ಲಿ ಸಿಗುವುದರಲ್ಲಿ ಅರ್ಧದ ಆಸುಪಾಸು ಮಾತ್ರ ನೆಟ್ಟಗೆ ನಿಲ್ಲಿಸಿದರೆ ವರ್ಷದಲ್ಲಿ ಸಿಗುತ್ತದೆ. ಹಾಗಾಗಿ ಎರಡೇ ಪ್ಯಾನೆಲ್ ನಮ್ಮ ಕೆಲಸಕ್ಕೆ ಸಾಕಾಗಿದೆ. ಎರಡೂ ಮುಖಕ್ಕೆ ಬೆಳಕು ಹಿಡಿಯುವ ಪ್ಯಾನೆಲ್‌ಗಳನ್ನು ಪೂರ್ವ ಪಶ್ಚಿಮಕ್ಕೆ ನೆಟ್ಟಗೆ ನಿಲ್ಲಿಸುವ ಪದ್ಧತಿಯೂ ಇದೆ, ಬೆಳಿಗ್ಗೆ ಮತ್ತು ಸಂಜೆ ಚೆನ್ನಾಗಿ ಕೊಡುತ್ತದೆ. ಅದಕ್ಕೂ ಗಾಳಿಯ ಲೆಕ್ಕ ಹಾಕಿ ನೆಟ್ಟ ಬೇರೆಯೇ ಕಂಬ ಬೇಕು, ಹಳೆ ಬೇಲಿ ನಡೆಯುವುದಿಲ್ಲ.

ಈಗಾಗಲೇ ಬೇಲಿಗೆ ಕಟ್ಟಿಸಿಬಿಟ್ಟಿದ್ದೀರಾ? ಹಾಗಿದ್ದರೆ ಏಪ್ರಿಲ್‌ಗೆ ಮುಂಚೆ ಇಳಿಸಿಬಿಡಿ. ನೀವೇ ಕೈ ಹಾಕಬೇಡಿ. ಹೊತ್ತು ಮುಳುಗಿದ ಮೇಲೆ, ಇಲ್ಲವೇ ಪ್ಯಾನೆಲ್‌ಗೆ ದಪ್ಪ ತಾಡಪತ್ರಿ ಪೂರ್ತಿ ಹೊದಿಸಿ, ಡಿಸಿ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಿಂದ ಬಿಚ್ಚಿಸಿ. ಅಲ್ಲಿಯವರೆಗೆ ಮಕ್ಕಳು, ದನಕರು ಆ ಬೇಲಿಯ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಅದರ ಮೇಲೆ ಬಟ್ಟೆ ಹಾಕುವುದನ್ನು ಇವತ್ತೇ ನಿಲ್ಲಿಸಿ.